ಲಾಕ್ ಕ್ಯಾಟ್ರಿನ್: ಗ್ಲಾಸ್ಗೋಗೆ ನೀರು ಕುಡಿಸುವ ಸರೋವರ

ಸ್ಕಾಟ್ಲೆಂಡ್‌ಗೆ ಹೋದವರು ಸಾಮಾನ್ಯವಾಗಿ ಲಾಕ್ ನೆಸ್ ಅಥವಾ ಲಾಕ್ ಲೋಮಂಡ್ ನೋಡಿ ಬರುತ್ತಾರೆ (ಲಾಕ್ ಎಂದರೆ ಅಲ್ಲಿಯವರ ಮಾತಿನಲ್ಲಿ ಸರೋವರ). ಗ್ಲಾಸ್ಗೋದಲ್ಲಿ ಉಳಿದುಕೊಂಡಿದ್ದು, ಒಂದೇ ದಿನ ಬಿಡುವಿದ್ದರೆ ನಾನು ಹೇಳುವುದು ಲಾಕ್ ಕ್ಯಾಟ್ರಿನ್. ಟ್ರೊಸಾಕ್ಸ್ ಬೆಟ್ಟಗಳ ನಡುವೆ ಸುಮಾರು 13 ಕಿ.ಮೀ. ಉದ್ದಕ್ಕೆ ಹರಡಿಕೊಂಡಿರುವ ಸರೋವರ. ಸುತ್ತ ಕಾಡು, ಮೇಲೆ ಮೋಡ, ಗಲಾಟೆ ಕಡಿಮೆ.

ಕಾರಿನಲ್ಲಿ ಹೋಗುವುದೇ ಸುಲಭ. ಅಬರ್‌ಫಾಯ್ಲ್ ಊರು ದಾಟಿದರೆ ಡ್ಯೂಕ್ಸ್ ಪಾಸ್ ಎಂಬ ಘಾಟಿ ರಸ್ತೆ ಸಿಗುತ್ತದೆ. ತಿರುವು ಜಾಸ್ತಿ, ನಿಧಾನವಾಗಿ ಓಡಿಸಿ. ಬಸ್ಸನ್ನೇ ನಂಬಿದವರು ಕ್ಯಾಲಂಡರ್ ಊರಿನವರೆಗೆ ಹೋಗಿ, ಮುಂದಕ್ಕೆ ಟ್ಯಾಕ್ಸಿ ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು.

ಹೋಗುವ ಮುಂಚೆ ಈ ನೀರಿನ ಕತೆ ಗೊತ್ತಿರಲಿ. 1850ರ ಹೊತ್ತಿಗೆ ಗ್ಲಾಸ್ಗೋ ಕಾರ್ಖಾನೆಗಳಿಂದ, ಜನರಿಂದ ತುಂಬಿ ತುಳುಕುತ್ತಿತ್ತು. ಕುಡಿಯುವ ನೀರು ಮಾತ್ರ ಕೊಳಕು. 1848-49ರ ಕಾಲರಾಕ್ಕೆ ಸುಮಾರು 4,000 ಜನ ಸತ್ತರು, 1853-54ರಲ್ಲಿ ಮತ್ತೆ ಹೆಚ್ಚುಕಡಿಮೆ ಅಷ್ಟೇ ಜನ. ಆಗ ಎಂಜಿನಿಯರ್ ಜಾನ್ ಬೇಟ್‌ಮನ್, ಕ್ಯಾಟ್ರಿನ್ ನೀರನ್ನು ಪಂಪೇ ಇಲ್ಲದೆ ನಗರಕ್ಕೆ ಹರಿಸುವ ಯೋಜನೆ ಮಾಡಿದರು. ಬಂಡೆ ಕೊರೆದು ಸುರಂಗ, ಕಣಿವೆಗಳ ಮೇಲೆ ಸೇತುವೆ, ಒಟ್ಟು ಸುಮಾರು 42 ಕಿ.ಮೀ. ದಾರಿ. ಒಂದು ಕಿಲೋಮೀಟರಿಗೆ ಇಳಿಜಾರು ಬರೀ 16 ಸೆಂ.ಮೀ.! 1859ರ ಅಕ್ಟೋಬರ್‌ನಲ್ಲಿ ಸುರಿಯುವ ಮಳೆಯಲ್ಲಿ ವಿಕ್ಟೋರಿಯಾ ರಾಣಿ ಇದನ್ನು ಉದ್ಘಾಟಿಸಿದಳು. 1866ರಲ್ಲಿ ಕಾಲರಾ ಮತ್ತೆ ಬಂದಾಗ ನಗರದಲ್ಲಿ ಸತ್ತವರು ನೂರು ಜನವೂ ಇಲ್ಲ. ಅವತ್ತಿನಿಂದ ಇವತ್ತಿನವರೆಗೂ ಗ್ಲಾಸ್ಗೋದ ನಲ್ಲಿಗೆ ಬರುವುದು ಇಲ್ಲಿಯ ನೀರೇ. ಇದನ್ನು ತಿಳಿದುಕೊಂಡು ದಡದಲ್ಲಿ ನಿಂತಾಗ ನನಗೆ ಬೆಟ್ಟಗಳಿಗಿಂತ ಆ ನೀರೇ ದೊಡ್ಡದಾಗಿ ಕಂಡಿತು. ದಯವಿಟ್ಟು ದಡದಲ್ಲಿ ಕಸ ಹಾಕಬೇಡಿ.

ಇಲ್ಲಿ ಓಡಾಡುವ 'ಸರ್ ವಾಲ್ಟರ್ ಸ್ಕಾಟ್' ಎಂಬ ಹಳೇ ಸ್ಟೀಮರ್ ನೋಡಲೇಬೇಕು. 1810ರಲ್ಲಿ ಕವಿ ಸ್ಕಾಟ್ ಈ ಸರೋವರದ ಬಗ್ಗೆ ಕಾವ್ಯ ಬರೆದ ಮೇಲೆ ಪ್ರವಾಸಿಗರು ಮುಗಿಬಿದ್ದರು, ಅದಕ್ಕೇ ಆ ಹೆಸರು. ಡಂಬಾರ್ಟನ್‌ನಲ್ಲಿ ತಯಾರಾದ ಹಡಗನ್ನು ಬಿಡಿಬಿಡಿಯಾಗಿ ಲಾಕ್ ಲೋಮಂಡ್ ದಾಟಿಸಿ, ಕುದುರೆ ಗಾಡಿಗಳಲ್ಲಿ ಬೆಟ್ಟ ಹತ್ತಿಸಿ, ಇಲ್ಲಿ ಜೋಡಿಸಿದ್ದಾರೆ. ವರ್ಷವಿಡೀ ಓಡುವುದಿಲ್ಲ. ವೇಳಾಪಟ್ಟಿ ನೋಡಿ, ಟಿಕೆಟ್ ಮೊದಲೇ ಬುಕ್ ಮಾಡಿಕೊಳ್ಳಿ.

ನನ್ನ ಸಲಹೆ ಕೇಳುವುದಾದರೆ, ಹೋಗುವಾಗ ದೋಣಿ, ಬರುವಾಗ ಸೈಕಲ್. ದೋಣಿ ಹೊರಡುವ ಕಟ್ಟೆಯಾದ ಟ್ರೊಸಾಕ್ಸ್ ಪಿಯರ್‌ನಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಅದನ್ನು ದೋಣಿಗೇ ಹತ್ತಿಸಿಕೊಂಡು ಸ್ಟ್ರಾನಕ್ಲಾಕರ್‌ನಲ್ಲಿ ಇಳಿಯಿರಿ. ಅಲ್ಲಿಂದ ಉತ್ತರ ದಡದಲ್ಲಿ ಸುಮಾರು 20 ಕಿ.ಮೀ. ರಸ್ತೆ. ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲ. ಏರು ಸಾಕಷ್ಟಿದೆ, ಚಿಕ್ಕ ಮಕ್ಕಳಿದ್ದರೆ ಯೋಚಿಸಿ. ದಾರಿಯಲ್ಲಿ ಗ್ಲೆನ್‌ಗೈಲ್ ಬರುತ್ತದೆ. ಸ್ಕಾಟ್ಲೆಂಡಿನ ಜನ ಇಂದಿಗೂ ಕತೆ ಹೇಳುವ ಬಂಡುಕೋರ ರಾಬ್ ರಾಯ್ ಮ್ಯಾಕ್‌ಗ್ರೆಗರ್ 1671ರಲ್ಲಿ ಹುಟ್ಟಿದ್ದು ಅಲ್ಲೇ. ಮುಂದೆ ನೀರಿನಂಚಿಗೆ ಅವನ ಕುಲದವರ ಹಳೇ ಸ್ಮಶಾನ ಇದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಮಳೆ ಕೋಟು ಯಾವ ತಿಂಗಳಾದರೂ ಬೇಕು. ಬೇಸಿಗೆಯಲ್ಲಿ ಮಿಡ್ಜ್ ಎಂಬ ಸಣ್ಣ ನೊಣಗಳು ಮುತ್ತಿಕೊಂಡು ಕಚ್ಚುತ್ತವೆ. ಗಾಳಿ ಇಲ್ಲದ ಸಂಜೆಯಂತೂ ಕೇಳಲೇಬೇಡಿ, ಹಚ್ಚಿಕೊಳ್ಳುವ ಔಷಧಿ ಇಟ್ಟುಕೊಳ್ಳಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋದರೆ ನೆಮ್ಮದಿ. ಗ್ಲಾಸ್ಗೋಗೆ ಮರಳಿದ ಮೇಲೆ ಸಮಯವಿದ್ದರೆ ಕೆಲ್ವಿನ್‌ಗ್ರೋವ್ ಪಾರ್ಕಿಗೂ ಹೋಗಿ. ಈ ನೀರನ್ನು ನಗರಕ್ಕೆ ತರಲು ಪಟ್ಟು ಹಿಡಿದ ನಗರಾಧ್ಯಕ್ಷ ರಾಬರ್ಟ್ ಸ್ಟುವರ್ಟ್ ನೆನಪಿಗೆ 1872ರಲ್ಲಿ ಕಟ್ಟಿದ ಕಾರಂಜಿ ಅಲ್ಲಿದೆ.