ಅಬ್ಬಾ ಮನೆಗೆ ಬಂದ ಮೇಲೆ

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಬಿಸಿನೀರಿನಲ್ಲಿ ಗೂಡುಗಳ ಎಳೆ ಹುಡುಕಿ ಅಬ್ಬಾರ ಬೆರಳ ತುದಿ ಸದಾ ಬಿಳುಚಿಕೊಂಡಿರುತ್ತಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ಕೈಯಲ್ಲಿ ಸೂಜಿ ಚುಚ್ಚಲು ಜಾಗವೇ ಉಳಿಯಲಿಲ್ಲ. ಕ್ಯಾನ್ಸರ್ ಶ್ವಾಸಕೋಶದಿಂದ ಯಕೃತ್ತಿಗೂ ಹರಡಿತ್ತು. ಉಸಿರು ಕಷ್ಟವಾದರೆ ವೆಂಟಿಲೇಟರ್ ಹಾಕಬಹುದು, ಆದರೆ ಕಾಯಿಲೆ ವಾಸಿಯಾಗುವುದಿಲ್ಲ, ಮನೆಯವರು ಯೋಚಿಸಿ ಹೇಳಿ ಎಂದರು ವೈದ್ಯರು.

"ಬೇಡ ಎಂದರೆ ನಾವೇ ಕೊಂದ ಹಾಗಲ್ಲವೇ? ಅಲ್ಲಾಹನಿಗೆ ಏನು ಉತ್ತರ ಕೊಡಲಿ?" ಎಂದು ನನ್ನ ಅಣ್ಣ ಭಾಯಿಜಾನ್ ಅತ್ತರು. ನಾನು ಅದಕ್ಕೂ ಹಿಂದಿನ ರಾತ್ರಿ ಅಬ್ಬಾರ ನರಳಾಟ ಕೇಳಲಾರದೆ, ಎಲ್ಲ ಮುಗಿಯುವಂಥ ಇಂಜೆಕ್ಷನ್ ಇಲ್ಲವೇ ಎಂದು ನರ್ಸ್ ಬಳಿ ಕೇಳಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮ ಮಸೀದಿಯ ಧರ್ಮಗುರು ಹಜ್ರತ್ ಮುಂದೆ ಭಾಯಿಜಾನ್ ಪ್ರಶ್ನೆ, ನನ್ನ ಪ್ರಶ್ನೆ ಎರಡನ್ನೂ ಇಟ್ಟೆವು. ಜೀವ ಅಲ್ಲಾಹನು ನಂಬಿ ಒಪ್ಪಿಸಿದ ಅಮಾನತ್, ಕರುಣೆಯಿಂದಲಾದರೂ ಅದನ್ನು ಮುಗಿಸುವುದು ಹರಾಂ (ನಿಷಿದ್ಧ) ಎಂದರು. ನಾನು ತಲೆ ತಗ್ಗಿಸಿದೆ. ಆಮೇಲೆ ಭಾಯಿಜಾನ್ ಕಡೆ ತಿರುಗಿ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಹೇಳಿದರು. ಮೂರ್ಛೆರೋಗದ ಹೆಂಗಸೊಬ್ಬಳು ದುಆ (ಪ್ರಾರ್ಥನೆ) ಕೇಳಿ ಬಂದಾಗ, ಸಬರ್ (ಸಹನೆ) ಮಾಡಿದರೆ ನಿನಗೆ ಜನ್ನತ್ (ಸ್ವರ್ಗ) ಇದೆ, ಬೇಕೆಂದರೆ ಗುಣವಾಗಲೆಂದು ದುಆ ಮಾಡುತ್ತೇನೆ ಎಂದರಂತೆ ಪ್ರವಾದಿಯವರು. ಅವಳು ಸಬರ್ ಆರಿಸಿಕೊಂಡಳು. ಮೂರ್ಛೆ ಬಂದಾಗ ಮೈ ಬಯಲಾಗದಿರಲಿ ಎಂದಷ್ಟೇ ಬೇಡಿದಳು. "ಪ್ರತಿ ಚಿಕಿತ್ಸೆಯೂ ಕಡ್ಡಾಯವಾಗಿದ್ದರೆ ಅವಳಿಗೆ ಆಯ್ಕೆ ಸಿಗುತ್ತಿತ್ತೇ?" 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಇಸ್ಲಾಮೀ ಧರ್ಮಶಾಸ್ತ್ರ ಪಂಡಿತರ ಅಂತರರಾಷ್ಟ್ರೀಯ ಫಿಖ್ಹ್ ಅಕಾಡೆಮಿಯ ವಿಷಯವನ್ನೂ ತಿಳಿಸಿದರು. ಮಿದುಳು ಮರಳಿ ಬಾರದಂತೆ ಪೂರ್ತಿ ನಿಂತಿದೆ ಎಂದು ತಜ್ಞ ವೈದ್ಯರು ಖಚಿತಪಡಿಸಿದರೆ, ಯಂತ್ರದ ಬಲದಿಂದ ಹೃದಯ ಬಡಿಯುತ್ತಿದ್ದರೂ ಯಂತ್ರ ತೆಗೆಯಬಹುದು ಎಂಬುದು ಅಲ್ಲಿನ ತೀರ್ಮಾನ. ಅಬ್ಬಾರ ಸ್ಥಿತಿ ಬೇರೆ. ಆದರೂ ಪ್ರಯೋಜನವಿಲ್ಲದ ಯಂತ್ರವನ್ನು ಬೇಡ ಎನ್ನುವುದು ಕೊಲೆಯಲ್ಲ ಎಂದರು.

ಮನೆಗೆ ಕರೆತಂದೆವು. ಮಾರ್ಫಿನ್ ಕೊಡಲು ನನ್ನ ಕೈ ನಡುಗುತ್ತಿತ್ತು. ನೋವು ತಗ್ಗಿಸುವ ನಿಯತ್ತಿನಿಂದ (ಉದ್ದೇಶದಿಂದ) ವೈದ್ಯರು ಹೇಳಿದಷ್ಟೇ ಕೊಟ್ಟರೆ ಗುನಾಹ್ (ಪಾಪ) ಅಲ್ಲ ಎಂದು ಹಜ್ರತ್ ಧೈರ್ಯ ತುಂಬಿದರು. ಮಂಚವನ್ನು ಕಿಬ್ಲಾದ (ಮಕ್ಕಾದ ದಿಕ್ಕು) ಕಡೆ ತಿರುಗಿಸಿದೆವು. ಅಮ್ಮಿ ಹತ್ತಿಯಲ್ಲಿ ತುಟಿಗೆ ನೀರು ಹಚ್ಚುತ್ತಿದ್ದರು. ಭಾಯಿಜಾನ್ ಕುರಾನಿನ ಯಾಸೀನ್ ಅಧ್ಯಾಯ ಓದಿದರು, ಕಿವಿಯ ಬಳಿ ಮೆಲ್ಲಗೆ ಕಲಿಮಾ (ನಂಬಿಕೆಯ ವಚನ) ಹೇಳಿದರು; ನೀವೂ ಹೇಳಿ ಎಂದು ಒತ್ತಾಯಿಸಲಿಲ್ಲ. ಒಂಬತ್ತನೆಯ ದಿನ ಮುಂಜಾನೆಯ ಫಜ್ರ್ ನಮಾಜ್ ಆದ ಮೇಲೆ ಅಬ್ಬಾ ಹೋದರು.

ಅಬ್ಬಾರಿಗೆ ಏನು ಬೇಕಿತ್ತೆಂದು, ಅವರಿಗೆ ಮಾತು ಇದ್ದಾಗ ನಾವು ಯಾರೂ ಕೇಳಿರಲಿಲ್ಲ. ಅದು ನನ್ನನ್ನು ಈಗಲೂ ಸುಡುತ್ತದೆ. ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿದೆ. ಕಳೆದ ತಿಂಗಳು ಭಾಯಿಜಾನ್ ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಬಳಿ ಹೋಗಿ ತಮ್ಮದನ್ನು ಮಾಡಿಸಿದರು. ನೋವಿಗೆ ಔಷಧ ಕೊಡಿ, ನೀರು ನಿಲ್ಲಿಸಬೇಡಿ, ವಾಸಿಯಾಗದು ಎಂದಾದರೆ ಮನೆಗೆ ಕರೆತನ್ನಿ ಎಂದು ಬರೆಸಿದ್ದಾರೆ. ಒಂದು ಪ್ರತಿ ನನ್ನ ಬೀರುವಿನಲ್ಲಿದೆ.