ನೆಲದಿಂದ ಏಳುವ ಹೊತ್ತು ಅಳೆಯುವ ಸೆನ್ಸರ್: ನಾಲ್ಕನೇ ವಾರ

ಈ ವಾರ ಕೊನೆಗೂ ಸೆನ್ಸರ್ ಜಾರಲಿಲ್ಲ.

ಹಿಂದಿನದನ್ನು ಓದದವರಿಗೆ ಒಂದು ಮಾತು. ಅಕ್ಕನ ಮಗನಿಗೆ ಆರು ವರ್ಷ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇದೆ, ಅಂದರೆ ಜೀನಿನ ದೋಷದಿಂದ ಸ್ನಾಯುಗಳು ಮೆಲ್ಲಗೆ ಹಾಳಾಗುತ್ತಾ ಹೋಗುವ ಕಾಯಿಲೆ. ನಾಲ್ಕು ವರ್ಷದವನಿದ್ದಾಗ ಜ್ವರಕ್ಕೆಂದು ರಕ್ತ ಪರೀಕ್ಷೆ ಮಾಡಿಸಿದರೆ ಎಸ್‌ಜಿಪಿಟಿ, ಅಂದರೆ ಲಿವರ್ ನೋಡಲು ಅಳೆಯುವ ಎಂಜೈಮು, ಜಾಸ್ತಿ ಬಂತು. ಒಂದು ಕ್ಲಿನಿಕ್ಕಿನಲ್ಲಿ ಎಂಟು ತಿಂಗಳು ಲಿವರ್‌ಗೆ ಔಷಧಿ ಕೊಟ್ಟರು. ಆ ಎಂಜೈಮು ಹಾಳಾಗುತ್ತಿರುವ ಸ್ನಾಯುವಿನಿಂದಲೂ ರಕ್ತಕ್ಕೆ ಸೋರುತ್ತದೆ. ಆಗಲೇ ಒಂದು ಸಿಕೆ (ಕ್ರಿಯಾಟಿನ್ ಕೈನೇಸ್, ಸ್ನಾಯು ಹಾಳಾದಾಗ ರಕ್ತದಲ್ಲಿ ಏರುವ ಎಂಜೈಮು) ಪರೀಕ್ಷೆ ಬರೆದುಕೊಟ್ಟಿದ್ದರೆ ಸಾಕಿತ್ತು. ಹೆಚ್ಚೆಂದರೆ 200ರ ಆಸುಪಾಸಿನಲ್ಲಿ ಇರಬೇಕಾದ್ದು ಅವನಿಗೆ 16,000 ದಾಟಿತ್ತು. ಮುಂದೆ ರಕ್ತದಲ್ಲೇ ಎಂಎಲ್‌ಪಿಎ ಎಂಬ ಜೀನ್ ಪರೀಕ್ಷೆ ಮಾಡಿ, ಸ್ನಾಯುವನ್ನು ಕಾಪಾಡುವ ಡಿಸ್ಟ್ರೊಫಿನ್ ಪ್ರೋಟೀನಿನ ಜೀನಿನಲ್ಲಿರುವ 79 ಎಕ್ಸಾನ್‌ಗಳಲ್ಲಿ (ಜೀನಿನ ತುಂಡುಗಳಲ್ಲಿ) ಯಾವುವು ಇಲ್ಲವೆಂದು ಹೇಳಿದರು. ತೊಡೆಯಿಂದ ಸ್ನಾಯುವಿನ ಚೂರು ತೆಗೆಯುವ ಬಯಾಪ್ಸಿ ಬೇಕಾಗಲೇ ಇಲ್ಲ.

ಆದರೆ ಇದೆಲ್ಲಕ್ಕೂ ಮೊದಲು ನಮ್ಮ ಕಣ್ಣೆದುರಿಗೇ ಒಂದು ಗುರುತಿತ್ತು. ಅವನು ನೆಲದಿಂದ ಏಳುವಾಗ ಮೊದಲು ಬೋರಲಾಗುತ್ತಾನೆ, ಅಂಬೆಗಾಲಿಗೆ ಬರುತ್ತಾನೆ, ಸೊಂಟ ಮೇಲೆತ್ತುತ್ತಾನೆ. ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ತೊಡೆಗೆ ಊರಿ, ತನ್ನ ಮೈಯನ್ನೇ ತಾನು ಹತ್ತಿದ ಹಾಗೆ ನಿಲ್ಲುತ್ತಾನೆ. 1879ರಲ್ಲೇ ಲಂಡನ್ನಿನ ವೈದ್ಯ ವಿಲಿಯಂ ಗೋವರ್ಸ್ ಇದನ್ನು ವಿವರಿಸಿದ್ದರು. ನಾವು ಸೋಮಾರಿತನ ಅಂದುಕೊಂಡಿದ್ದೆವು. ನಿಮ್ಮ ಮನೆಯ ಮಗು ಹೀಗೆ ಏಳುತ್ತಿದ್ದರೆ, ದಯವಿಟ್ಟು ಸಿಕೆ ಮಾಡಿಸಬೇಕೇ ಅಂತ ಡಾಕ್ಟರನ್ನು ಕೇಳಿ. ನನ್ನ ಡಬ್ಬಿ ರೋಗ ಹೇಳುವುದಿಲ್ಲ, ಏಳುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುತ್ತದೆ, ಅಷ್ಟೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದ ಎಂಪಿಯು-6050 (ಚಲನೆ, ವಾಲುವಿಕೆ ಅಳೆಯುವ ಸೆನ್ಸರ್) ಮತ್ತು ಇಎಸ್‌ಪಿ32 (ಅದನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡು) ಹಾಗೇ ಇವೆ. ಪವರ್ ಬ್ಯಾಂಕ್ ಬಿಟ್ಟೆ. ಬೋರ್ಡು ಎಳೆಯುವ ಕರೆಂಟು ತೀರಾ ಕಡಿಮೆಯಾಗಿ ಅದು ತಾನೇ ಆಫ್ ಆಗುತ್ತಿತ್ತು, ಮಗುವಿಗೆ ಭಾರ ಬೇರೆ. ಈಗ ಸಣ್ಣ ಲಿಥಿಯಂ ಸೆಲ್ ಹಾಕಿದ್ದೇನೆ. ಸೊಂಟದ ಬೆಲ್ಟಿನಲ್ಲಿ ಜಾರುತ್ತಿದ್ದುದಕ್ಕೆ ಅಮ್ಮ ಅವನ ಬನಿಯನ್ನಿನ ಎದೆಯ ಮೇಲೆ ಒಂದು ಜೇಬು ಹೊಲಿದುಕೊಟ್ಟರು. ಮೂರು ವಾರದ ತಲೆನೋವು ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಗ್ಗೆ ಬಸವನಗುಡಿಯ ಮನೆಯಲ್ಲಿ ಚಾಪೆ ಹಾಸಿ ಮೂರು ಸಲ ಅಳೆದೆವು: 6.4, 6.7, 7.5 ಸೆಕೆಂಡು. ನಾಲ್ಕನೆಯದಕ್ಕೆ "ಮಾಮ, ಕಾಲು ಸಾಕಾಯ್ತು" ಅಂದ. ನಿಲ್ಲಿಸಿದೆ. ಇನ್ನು ಮೇಲೆ ದಿನಕ್ಕೆ ಎರಡೇ ಸಲ. ಮೂರನೆಯದು ಆಯಾಸವನ್ನು ಅಳೆಯುತ್ತದೆ, ಅದಕ್ಕಾಗಿ ಮಗುವನ್ನು ದಣಿಸುವ ಹಕ್ಕು ನನಗಿಲ್ಲ.

ಸೆಕೆಂಡುಗಳಿಗಿಂತ ಗ್ರಾಫೇ ಹೆಚ್ಚು ಹೇಳಿತು. ಅವನಕ್ಕ ಎದ್ದಾಗ ಎದೆಯ ಕೋನ ಒಂದೇ ಏರಿನಲ್ಲಿ ಮೇಲೆ ಹೋಗುತ್ತದೆ, ಎರಡು ಸೆಕೆಂಡೂ ಇಲ್ಲ. ಇವನದರಲ್ಲಿ ನಡುವೆ ಒಂದು ಮಟ್ಟಸವಾದ ಗೆರೆ. ವಿಡಿಯೊ ಪಕ್ಕದಲ್ಲಿಟ್ಟು ನೋಡಿದೆ, ಕೈ ತೊಡೆಯ ಮೇಲಿರುವ ಹೊತ್ತು ಸರಿಯಾಗಿ ಅದೇ.

ಇದರ ಬದಲು ಸ್ನಾಯುವಿನ ಅಲ್ಟ್ರಾಸೌಂಡ್ ಚಿತ್ರಗಳ ಬಿಳುಪು ಅಳೆಯಬಹುದೇ ಅಂತ ಒಬ್ಬರು ಕೇಳಿದ್ದರು. ಆರೋಗ್ಯವಾದ ಸ್ನಾಯು ಅದರಲ್ಲಿ ಕಪ್ಪಗೆ ಕಾಣುತ್ತದೆ. ಕೊಬ್ಬು, ನಾರು ತುಂಬಿದಂತೆ ಬೆಳ್ಳಗಾಗಿ ಕೆಳಗಿನ ಮೂಳೆಯ ಗೆರೆ ಮಸುಕಾಗುತ್ತದೆ. ಆದರೆ ಮೆಷಿನ್ನಿನ ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸಬೇಕೆಂಬ ಸೆಟ್ಟಿಂಗ್) ಬದಲಾದರೆ ಬಿಳುಪೂ ಬದಲಾಗುತ್ತದೆ. ಮನೆಯಲ್ಲಿ ಕೂತು ಮಾಡುವ ಕೆಲಸ ಅದಲ್ಲ.

ಉಳಿದಿರುವ ತೊಂದರೆ ಶುರುವಿನ ಕ್ಷಣದ್ದು. ಮಲಗಿದಲ್ಲೇ ನಕ್ಕರೂ ಎದೆ ಅಲುಗಿ ಟೈಮರ್ ಓಡತೊಡಗುತ್ತದೆ. ಮೈ ಮಗ್ಗುಲಾದ ಮೇಲಷ್ಟೇ ಎಣಿಸುವಂತೆ ಕೋಡ್ ಬರೆಯುತ್ತಿದ್ದೇನೆ. ಗುರುವಾರ ಫಿಸಿಯೋಥೆರಪಿಗೆ ಹೋಗುವಾಗ ಅಕ್ಕ ಈ ಮೂರು ಗ್ರಾಫುಗಳ ಪ್ರಿಂಟ್ ತೆಗೆದುಕೊಂಡು ಹೋಗುತ್ತಾಳೆ.