ಕೆಂಚಿಯ ಕುತ್ತಿಗೆಯಲ್ಲಿದ್ದ ನಂಬರು

ಭಾನುವಾರ, 9 ನವೆಂಬರ್ 2025, ರಾತ್ರಿ

ಎರಡು ಸಲ ಸೋಪು ಹಚ್ಚಿದರೂ ಕೈಯಿಂದ ಕುದುರೆಯ ವಾಸನೆ ಹೋಗಿಲ್ಲ. ಇರಲಿ. ಇವತ್ತು ನಡೆದದ್ದನ್ನು ಇವತ್ತೇ ಬರೆದುಬಿಡಬೇಕು. ನಾಳೆಗೆ ಸಿಟ್ಟು ಇಳಿದುಹೋಗುತ್ತದೆ. ಈ ಸಲ ಅದು ಇಳಿಯುವುದು ನನಗೆ ಬೇಡ.

ಭಾನುವಾರ ಬಂದರೆ ನಾನು ಕೆಲಸಕ್ಕೆ ಕೈಜೋಡಿಸುವ ಪ್ರಾಣಿಗಳ ಆಶ್ರಯಕ್ಕೆ ಹತ್ತು ದಿನದ ಹಿಂದೆ ಒಂದು ಹೆಣ್ಣು ಕುದುರೆ ಬಂದಿದೆ. ಗಾಡಿಗೆ ಕಟ್ಟುತ್ತಿದ್ದರಂತೆ. ಎಳೆಯಲಾರದೆ ದಾರಿಯಲ್ಲೇ ನಿಂತುಬಿಟ್ಟಾಗ ಗಾಡಿ ಬಿಚ್ಚಿಕೊಂಡು, ಅವಳನ್ನು ಅಲ್ಲೇ ಬಿಟ್ಟು ಹೋಗಿದ್ದಾರೆ. ಕೆಂಪು ಮೈ, ಹಣೆಯಲ್ಲಿ ಬೆರಳಗಲದ ಬಿಳಿ ಚುಕ್ಕೆ. ಕೆಂಚಿ ಅಂತ ಕರೆಯುತ್ತಿದ್ದೇವೆ. ದೂರದಿಂದಲೇ ಪಕ್ಕೆಲುಬು ಎಣಿಸಬಹುದು. ಗೊರಸು ಮುಂದಕ್ಕೆ ಬೆಳೆದು ತುದಿ ಮೇಲಕ್ಕೆ ಬಾಗಿದೆ. ಕುದುರೆಯ ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಲೇಬೇಕು. ಇವಳದ್ದಕ್ಕೆ ಎಷ್ಟೋ ತಿಂಗಳಿಂದ ಯಾರೂ ಕೈ ಹಚ್ಚಿಲ್ಲ.

ಆದರೆ ಮೊದಲ ದಿನವೇ ಒಂದು ವಿಷಯ ಗಮನಿಸಿದ್ದೆ. ಗೊರಸು ನೋಡೋಣ ಅಂತ ಬಗ್ಗಿ ಮುಂಗಾಲಿಗೆ ಕೈ ತಾಗಿಸಿದೆ ಅಷ್ಟೇ. ನಾನು ಎತ್ತುವ ಮೊದಲೇ ಅವಳೇ ಕಾಲು ಮಡಿಸಿ ನನ್ನ ಅಂಗೈಗೆ ಕೊಟ್ಟಳು. ಗಾಡಿಗೆ ಕಟ್ಟಿ ಹೊಡೆಯುವವರು ಕಲಿಸುವ ಪಾಠ ಅಲ್ಲ ಅದು. ಯಾರೋ ಲಾಯದಲ್ಲಿ ದಿನಾ ಬೆಳಿಗ್ಗೆ ಅವಳ ಪಕ್ಕದಲ್ಲಿ ಕೂತು, ಮಾತಾಡಿಸುತ್ತಾ, ನಾಲ್ಕೂ ಕಾಲು ಎತ್ತಿಸಿ ಗೊರಸು ಕೆರೆದು ಅಭ್ಯಾಸ ಮಾಡಿಸಿದ್ದಾರೆ. ಒಂದು ಕಾಲದಲ್ಲಿ ಅವಳನ್ನು ಚೆನ್ನಾಗಿ ನೋಡಿಕೊಂಡವರಿದ್ದರು. ಈಗ ಪಕ್ಕದಲ್ಲಿ ಯಾರಾದರೂ ಬೇಗ ಕೈ ಎತ್ತಿದರೆ ಸಾಕು, ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಅದನ್ನು ಆಮೇಲೆ ಯಾರೋ ಕಲಿಸಿದ್ದು.

ಇವತ್ತು ಡಾಕ್ಟರಮ್ಮ, ಕುದುರೆಯ ಮೈಯೊಳಗೆ ಕೂರಿಸುವ ಗುರುತಿನ ಚಿಪ್ ಓದುವ ಯಂತ್ರ ತಂದಿದ್ದರು. ಕುತ್ತಿಗೆಯ ಎಡಗಡೆ, ಕೂದಲಿನ ಬುಡಕ್ಕೆ ಹಿಡಿದು ನಿಧಾನವಾಗಿ ಕೆಳಗೆ ತಂದರು. ಬೀಪ್ ಅಂತು. ಹದಿನೈದು ಅಂಕಿಯ ನಂಬರು ಮೂಡಿತು. ನಾನು ಪೆನ್ನು ಸಿಗದೆ ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ.

"ಇದು ರೇಸ್ ಕುದುರೆ ಕಣ್ರೀ," ಅಂದರು ಡಾಕ್ಟರಮ್ಮ. ಮುಂಗಾಲಿನ ಹಿಂಭಾಗ ಸವರಿ ತೋರಿಸಿದರು. ಮೊಣಕಾಲಿನ ಕೆಳಗೆ ನೆಟ್ಟಗೆ ಇರಬೇಕಾದ ಟೆಂಡನ್ ಬಿಲ್ಲಿನ ಹಾಗೆ ಹೊರಕ್ಕೆ ಉಬ್ಬಿದೆ. ಓಡಿ ಓಡಿ ಹರಿದು, ಪೂರ್ತಿ ಮಾಯದೆ ಗಟ್ಟಿಯಾದ ಗಾಯ. ಆ ಕಾಲಿನಲ್ಲಿ ಗಾಡಿ ಎಳೆದಿದ್ದಾಳೆ.

ನಂಬರು ಹಿಡಿದು ಹೋದರೆ ಅವಳ ಚರಿತ್ರೆಯೇ ಸಿಕ್ಕಿತು. ಅಪ್ಪನ ಹೆಸರು, ಅಮ್ಮನ ಹೆಸರು, ಅವರ ಅಪ್ಪ ಅಮ್ಮಂದಿರ ಹೆಸರು. ಹುಟ್ಟಿದ ತಾರೀಖು. 19 ರೇಸು ಓಡಿದ್ದಾಳೆ, ಮೂರು ಗೆದ್ದಿದ್ದಾಳೆ. ಪ್ರತಿ ರೇಸಿನಲ್ಲೂ ಬೆನ್ನ ಮೇಲೆ ಎಷ್ಟು ಭಾರ ಇತ್ತು, ಜಾಕಿ ಯಾರು, ಮುಂದಿನ ಕುದುರೆಗಿಂತ ಎಷ್ಟು ಹಿಂದಿದ್ದಳು, ಸೆಕೆಂಡಿನ ನೂರರಲ್ಲೊಂದು ಭಾಗದವರೆಗೆ ಲೆಕ್ಕ ಇದೆ. ಕೊನೆಯ ರೇಸು ಐದನೇ ವಯಸ್ಸಿನಲ್ಲಿ. ಹನ್ನೊಂದನೇ ಸ್ಥಾನ.

ಅದರ ಕೆಳಗೆ ಏನೂ ಇಲ್ಲ. ಈಗ ಅವಳಿಗೆ ಒಂಬತ್ತು ವರ್ಷ. ಮಧ್ಯದ ನಾಲ್ಕು ವರ್ಷಕ್ಕೆ ಒಂದು ಸಾಲೂ ಇಲ್ಲ. ಯಾರು ಮಾರಿದರು, ಯಾರು ಕೊಂಡರು, ಅಲ್ಲಿಂದ ಎಷ್ಟು ಕೈ ದಾಟಿ ಗಾಡಿಗೆ ಬಂದಳು? ಓಡುವಾಗ ಅವಳ ಒಂದೊಂದು ಹೆಜ್ಜೆಗೂ ಲೆಕ್ಕ ಇಟ್ಟವರು, ಓಟ ನಿಂತ ಮರುದಿನ ಪುಸ್ತಕ ಮುಚ್ಚಿ ಎದ್ದುಬಿಟ್ಟಿದ್ದಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವ ಹಾಗೆ.

ಸಂಜೆಯಿಂದ ಈ ಖಾಲಿ ಜಾಗವೇ ತಲೆಯಲ್ಲಿ ಕೂತಿದೆ.

ಕುದುರೆಯ ಆಯಸ್ಸು 25ರಿಂದ 30 ವರ್ಷ. ರೇಸು ಶುರುವಾಗುವುದು ಎರಡನೇ ವಯಸ್ಸಿಗೆ. ಅದೂ ಪೂರ್ತಿ ಎರಡಲ್ಲ. ಉತ್ತರ ಗೋಳಾರ್ಧದಲ್ಲಿ ಎಲ್ಲ ರೇಸ್ ಕುದುರೆಗಳ ಹುಟ್ಟುಹಬ್ಬ ಜನವರಿ 1, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಆಗಸ್ಟ್ 1 ಅಂತ ಲೆಕ್ಕ. ಏಪ್ರಿಲ್‌ನಲ್ಲಿ ಹುಟ್ಟಿದ ಮರಿಗೂ ಮುಂದಿನ ಜನವರಿಗೆ ಒಂದು ವರ್ಷ ತುಂಬಿತು ಅಂತ ಬರೆಯುತ್ತಾರೆ. ಬೆನ್ನುಮೂಳೆ ಪೂರ್ತಿ ಬಲಿಯುವುದಕ್ಕೆ ಐದಾರು ವರ್ಷ ಬೇಕು. ಮೂಳೆ ಬಲಿಯುವ ಹೊತ್ತಿಗೆ ಎಷ್ಟೋ ಕುದುರೆಗಳ ಓಟವೇ ಮುಗಿದಿರುತ್ತದೆ. ಅಂದರೆ ಇಪ್ಪತ್ತು ವರ್ಷದ ಬದುಕು ಇನ್ನೂ ಬಾಕಿ. ಆ ಇಪ್ಪತ್ತು ವರ್ಷ ಯಾರ ಜವಾಬ್ದಾರಿ ಅಂತ ಎಲ್ಲೂ ಬರೆದಿಲ್ಲ.

ಓಡುವ ದಿನಗಳೂ ಸುಖದ್ದೇನಲ್ಲ. ಬಯಲಿನಲ್ಲಿ ಬಿಟ್ಟರೆ ಕುದುರೆ ದಿನದ ಮುಕ್ಕಾಲು ಹೊತ್ತು ಮೇಯುತ್ತಲೇ ಇರುತ್ತದೆ. ಹೊಟ್ಟೆಯಲ್ಲಿ ಆಸಿಡ್ ಇಡೀ ದಿನ ಸುರಿಯುತ್ತದೆ, ಹುಲ್ಲು ಬೀಳುತ್ತಿದ್ದರೆ ಮಾತ್ರ ಅದು ತಣ್ಣಗಿರುತ್ತದೆ. ರೇಸ್ ಲಾಯದಲ್ಲಿ ಎಷ್ಟೋ ಕಡೆ ದಿನಕ್ಕೆ ಇಪ್ಪತ್ತೆರಡು ಗಂಟೆ ನಾಲ್ಕು ಗೋಡೆಯ ನಡುವೆ ನಿಲ್ಲಬೇಕು, ಹೊತ್ತಿಗೆ ಸರಿಯಾಗಿ ಕಾಳು. ಹಾಗಾಗಿ ತರಬೇತಿಯಲ್ಲಿರುವ ಕುದುರೆಗಳಲ್ಲಿ ಹೊಟ್ಟೆ ಹುಣ್ಣು ತುಂಬಾ ಜಾಸ್ತಿ. ಕೆಂಚಿ ಬೇಲಿಯ ಅಡ್ಡಗಂಬಕ್ಕೆ ಮೇಲಿನ ಹಲ್ಲು ಊರಿ, ಕುತ್ತಿಗೆ ಬಿಗಿದು, ಗಕ್ ಅಂತ ಗಾಳಿ ಎಳೆಯುತ್ತಾಳೆ. ಮುಂದಿನ ಹಲ್ಲು ಅರ್ಧ ಸವೆದಿದೆ. ಲಾಯದಲ್ಲಿ ಒಂಟಿಯಾಗಿ ನಿಂತು ಹತ್ತಿದ ಚಟ. ಈಗ ಇಡೀ ಮೈದಾನ ಅವಳದ್ದೇ ಆದರೂ ಬಿಟ್ಟಿಲ್ಲ.

ಗೆಲ್ಲದ ಕುದುರೆ ಅಂತ ಹೀಗಾಯಿತು ಅಂದುಕೊಳ್ಳುವ ಹಾಗೂ ಇಲ್ಲ. ಫರ್ಡಿನಾಂಡ್ ಕಥೆ ಗೊತ್ತಿರುವವರಿಗೆ ಗೊತ್ತು. ಅಮೆರಿಕದ ಅತಿ ಹೆಸರುವಾಸಿ ರೇಸು ಕೆಂಟಕಿ ಡರ್ಬಿಯನ್ನು 1986ರಲ್ಲಿ ಗೆದ್ದ ಕುದುರೆ. ಮರುವರ್ಷ ಬ್ರೀಡರ್ಸ್ ಕಪ್ ಕ್ಲಾಸಿಕ್ ಕೂಡ ಗೆದ್ದು ಅಮೆರಿಕದ ವರ್ಷದ ಕುದುರೆ ಅನ್ನಿಸಿಕೊಂಡಿತು. ಗೆದ್ದುಕೊಟ್ಟ ಬಹುಮಾನ 37 ಲಕ್ಷ ಡಾಲರಿಗೂ ಜಾಸ್ತಿ. 1994ರಲ್ಲಿ ಸಂತಾನಕ್ಕೆಂದು ಜಪಾನಿಗೆ ಮಾರಿದರು. ಅಲ್ಲಿ ಅದರ ಮರಿಗಳಿಗೆ ಬೇಡಿಕೆ ಬರಲಿಲ್ಲ. 2002ರಲ್ಲಿ ಕಸಾಯಿಖಾನೆ ಸೇರಿತು. ಹೊರಗಿನ ಜಗತ್ತಿಗೆ ಅದು ಗೊತ್ತಾದದ್ದು 2003ರಲ್ಲಿ, ಒಬ್ಬ ಪತ್ರಕರ್ತೆ ಹುಡುಕಿಕೊಂಡು ಹೋದ ಮೇಲೆ. ಅದಕ್ಕೂ ಮೊದಲು ಎಕ್ಸೆಲ್ಲರ್. ಒಂದೇ ವರ್ಷದಲ್ಲಿ ಅಮೆರಿಕದ ಮೂರು ದೊಡ್ಡ ರೇಸುಗಳನ್ನೂ ಗೆದ್ದರೆ ಟ್ರಿಪಲ್ ಕ್ರೌನ್ ಅನ್ನುತ್ತಾರೆ. ಅಂಥ ಎರಡು ಕುದುರೆಗಳನ್ನು, ಸಿಯಾಟಲ್ ಸ್ಲೂ ಮತ್ತು ಅಫರ್ಮ್ಡ್‌ನ್ನು, ಒಂದೇ ರೇಸಿನಲ್ಲಿ ಹಿಂದೆ ಹಾಕಿದ ಕುದುರೆ. 1997ರಲ್ಲಿ ಸ್ವೀಡನ್ನಿನ ಕಸಾಯಿಖಾನೆಯಲ್ಲಿ ಅದರ ಕೊನೆಯಾಯಿತು. ಡರ್ಬಿ ಗೆದ್ದ ಕುದುರೆಗೇ ಈ ಗತಿ ಅಂದರೆ, 19ರಲ್ಲಿ ಮೂರು ಗೆದ್ದ ನಮ್ಮ ಕೆಂಚಿಯನ್ನು ಕೇಳುವವರು ಯಾರು?

ಫರ್ಡಿನಾಂಡ್ ಸುದ್ದಿ ಕೇಳಿ ಜನ ಕೆರಳಿದರು. ಕುದುರೆ ಮಾರುವಾಗ "ಮುದಿಯಾದ ಮೇಲೆ ನಮಗೇ ವಾಪಸ್ ಕೊಡಬೇಕು" ಅನ್ನುವ ಕರಾರು ಬರೆಸಿಕೊಳ್ಳುವ ರೂಢಿ ಬಂತು. 1997ರ ಡರ್ಬಿ ಗೆದ್ದ ಸಿಲ್ವರ್ ಚಾರ್ಮ್ ಕೂಡ ಜಪಾನಿಗೆ ಹೋಗಿತ್ತು. 2014ರ ಕೊನೆಯಲ್ಲಿ ಅದನ್ನು ಕೆಂಟಕಿಗೆ ವಾಪಸ್ ಕರೆತಂದು, ಓಲ್ಡ್ ಫ್ರೆಂಡ್ಸ್ ಅನ್ನುವ ನಿವೃತ್ತ ಕುದುರೆಗಳ ತೋಟದಲ್ಲಿ ಬಿಟ್ಟರು. ಅಜ್ಜನನ್ನು ನೋಡಲು ಮಕ್ಕಳುಮರಿ ಬಂದ ಹಾಗೆ ಜನ ಅಲ್ಲಿಗೆ ಬರುತ್ತಾರೆ. ಕಾಗದದಲ್ಲಿ ಒಂದು ಸಾಲು ಬರೆದರೆ ಎಷ್ಟು ವ್ಯತ್ಯಾಸ ನೋಡಿ.

ಆದರೆ ಆ ಸಾಲು ಹೆಸರುವಾಸಿ ಕುದುರೆಗಳಿಗೆ. ಉಳಿದವುಗಳಿಗೆ ನಿಯಮ ಇದ್ದರೂ ಕಾವಲಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ರೇಸ್ ಕುದುರೆಗಳನ್ನು ಕಸಾಯಿಖಾನೆಗೆ ಕಳಿಸಬಾರದು ಅನ್ನುವ ನಿಯಮ ಮೊದಲೇ ಇತ್ತು. 2019ರ ಅಕ್ಟೋಬರಿನಲ್ಲಿ ಅಲ್ಲಿನ ಎಬಿಸಿ ವಾಹಿನಿ ಗುಪ್ತವಾಗಿ ತೆಗೆದ ದೃಶ್ಯಗಳನ್ನು ತೋರಿಸಿತು. ಪಕ್ಕದ ಕ್ವೀನ್ಸ್‌ಲ್ಯಾಂಡಿನ ಕಸಾಯಿಖಾನೆಯಲ್ಲಿ ರೇಸ್ ಕುದುರೆಗಳು ಸಾಲುಗಟ್ಟಿದ್ದವು. ಅವುಗಳನ್ನು ಹೊಡೆಯುವುದು, ಒದೆಯುವುದು, ಬಯ್ಯುವುದು ಎಲ್ಲ ಅದರಲ್ಲಿತ್ತು. ಗಡಿ ದಾಟಿಸಿದರೆ ನಿಯಮಕ್ಕೆ ಕೈ ಎಟುಕುವುದಿಲ್ಲ, ಅಷ್ಟೇ. ಅಮೆರಿಕದಲ್ಲೂ ಹಾಗೇ. 2007ರಲ್ಲಿ ಕೊನೆಯ ಕುದುರೆ ಕಸಾಯಿಖಾನೆಗಳು ಮುಚ್ಚಿದವು. ಕುದುರೆಗಳನ್ನು ಲಾರಿಗೆ ತುಂಬಿ ಮೆಕ್ಸಿಕೊ, ಕೆನಡಾಕ್ಕೆ ಕಳಿಸುವುದು ಜಾಸ್ತಿಯಾಯಿತು. ಸಾವು ತಪ್ಪಲಿಲ್ಲ, ಸಾಯುವ ಮುಂಚಿನ ದಾರಿ ಮಾತ್ರ ಉದ್ದವಾಯಿತು.

ಇದನ್ನು ಬರೆಯುವಾಗ ಹೊಟ್ಟೆ ತೊಳಸುತ್ತಿದೆ. ಸ್ವಲ್ಪ ಎದ್ದು ನೀರು ಕುಡಿದು ಬಂದೆ.

ಮಧ್ಯಾಹ್ನ ಆಶ್ರಯದಲ್ಲೇ ಒಬ್ಬರು ಕೇಳಿದರು: "ಎಲ್ಲ ಮಾಲೀಕರೂ ಕಟುಕರೇನಮ್ಮಾ?" ಅಲ್ಲ, ಖಂಡಿತ ಅಲ್ಲ. ತಮ್ಮ ಮುದಿ ಕುದುರೆಯನ್ನು ಸಾಯುವವರೆಗೂ ಸಾಕಿದವರಿದ್ದಾರೆ. ಅದಕ್ಕಿಂತ ಜಾಸ್ತಿ ನನಗೆ ನೆನಪಾಗುವುದು ಲಾಯದ ಕೆಲಸದವರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೈ ತಿಕ್ಕುವವರು, ಕೆಮ್ಮಿದರೆ ನಿದ್ದೆಗೆಡುವವರು. ಕೆಂಚಿಗೆ ಕಾಲು ಕೊಡಲು ಕಲಿಸಿದ್ದು ಅಂಥವರೇ. ಅವಳನ್ನು ಲಾರಿ ಹತ್ತಿಸುವ ದಿನ ಅವರನ್ನು ಯಾರೂ ಒಂದು ಮಾತು ಕೇಳಿರಲಿಕ್ಕಿಲ್ಲ. ಒಳ್ಳೆಯವರ ಒಳ್ಳೆಯತನದ ಮೇಲೆ ಇಷ್ಟು ಪ್ರಾಣಿಗಳ ಬದುಕನ್ನು ಬಿಡಬಾರದು ಅನ್ನುವುದೇ ನನ್ನ ತಕರಾರು. ಒಳ್ಳೆಯವರು ಸಿಗದಿದ್ದರೆ ಕುದುರೆಗೆ ಯಾರು ದಿಕ್ಕು?

ಒತ್ತಾಯ ಬಿದ್ದರೆ ಆಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. ಬ್ರಿಟನ್ನಿನಲ್ಲಿ 2021ರಲ್ಲಿ ಬಿಬಿಸಿ ಕಸಾಯಿಖಾನೆಯ ದೃಶ್ಯಗಳನ್ನು ತೋರಿಸಿದ ವರ್ಷವೇ ಹೊಸ ನಿಯಮ ಹೊರಬಿತ್ತು. 2022ರ ಜನವರಿಯಿಂದ ಅಲ್ಲಿ ರೇಸು ಓಡುವ ಪ್ರತಿ ಕುದುರೆಯ ಪಾಸ್‌ಪೋರ್ಟಿನಲ್ಲೂ, ಅಂದರೆ ಗುರುತಿನ ಪುಸ್ತಕದಲ್ಲೂ, "ಇದು ಮನುಷ್ಯರ ಆಹಾರಕ್ಕಲ್ಲ" ಅಂತ ಮೊದಲೇ ನಮೂದಾಗಿರಬೇಕು. ರೇಸ್ ಕುದುರೆಗೆ ಸಾಮಾನ್ಯವಾಗಿ ಕೊಡುವ ನೋವಿನ ಔಷಧ ಫಿನೈಲ್‌ಬ್ಯುಟಜೋನ್ ಮಾಂಸದಲ್ಲಿ ಸೇರಬಾರದ್ದು, ಹಾಗಾಗಿ ಜನರ ಆರೋಗ್ಯಕ್ಕೂ ಇದು ಬೇಕಾದದ್ದೇ. ಚೀನಾದ ಮಕಾವ್‌ನಲ್ಲಿ 2024ರ ಏಪ್ರಿಲ್‌ಗೆ ಕುದುರೆ ರೇಸೇ ನಿಂತಿತು. ಉಳಿದ ಕುದುರೆಗಳನ್ನೆಲ್ಲ 2025ರ ಮಾರ್ಚ್ ಒಳಗೆ ಬೇರೆ ಕಡೆಗೆ ಸಾಗಿಸಬೇಕು ಅಂತ ಸರ್ಕಾರ ಗಡುವು ಹಾಕಿತು. ರೇಸ್‌ಕೋರ್ಸ್ ಮುಚ್ಚುವ ದಿನ ಕುದುರೆ ಎಣಿಸಿ ಲೆಕ್ಕ ಕೇಳಬಹುದಾದರೆ, ಒಂದೊಂದು ಕುದುರೆ ಓಟ ನಿಲ್ಲಿಸುವ ದಿನವೂ ಕೇಳಬಹುದು, ಅಲ್ವಾ?

ಅಮೆರಿಕದ್ದು ನನಗೆ ಅರ್ಧ ಸಮಾಧಾನ. ಸಾಂತಾ ಅನಿತಾ ಮೈದಾನದಲ್ಲಿ 2018ರ ಡಿಸೆಂಬರ್ 26ರಿಂದ 2019ರ ಜೂನ್‌ವರೆಗಿನ ಒಂದೇ ಹಂಗಾಮಿನಲ್ಲಿ 30 ಕುದುರೆ ಸತ್ತವು. ದೇಶವೇ ಬೆಚ್ಚಿಬಿತ್ತು. 2020ರಲ್ಲಿ ಇಡೀ ದೇಶಕ್ಕೆ ಒಂದೇ ಕಾನೂನು ಬಂತು, ಹಾರ್ಸ್‌ರೇಸಿಂಗ್ ಇಂಟೆಗ್ರಿಟಿ ಅಂಡ್ ಸೇಫ್ಟಿ ಆಕ್ಟ್, ಚಿಕ್ಕದಾಗಿ ಹಿಸಾ ಅನ್ನುತ್ತಾರೆ. ಮೈದಾನದ ಸುರಕ್ಷತೆ, ಔಷಧ, ಚಾಟಿ ಎಲ್ಲಕ್ಕೂ ನಿಯಮ. ಒಳ್ಳೆಯದೇ. ಆದರೆ ಕುದುರೆ ನಿವೃತ್ತ ಆಯಿತು ಅಂತ ಬರೆದುಕೊಟ್ಟ ದಿನವೇ ಅದು ಆ ಕಾನೂನಿನ ಹಿಡಿತದಿಂದ ಹೊರಗೆ. ಮತ್ತೆ ಅದೇ ಖಾಲಿ ಜಾಗ. ನಿವೃತ್ತ ಕುದುರೆಗಳ ಮನೆಗಳನ್ನು ಪರೀಕ್ಷಿಸಿ ಹಣ ಕೊಡುವ ಥರೋಬ್ರೆಡ್ ಆಫ್ಟರ್‌ಕೇರ್ ಅಲಯನ್ಸ್ ಅನ್ನುವ ಸಂಸ್ಥೆ 2012ರಿಂದ ಇದೆ, ಆ ಕೆಲಸಕ್ಕೆ ನನ್ನ ನಮಸ್ಕಾರ. ಆದರೆ ಕುದುರೆಯ ಮುಪ್ಪು ದೇಣಿಗೆಯ ಮೇಲೆ ನಡೆಯಬಾರದು. ಒಂದೊಂದು ಬಾಜಿಯಿಂದ, ಒಂದೊಂದು ಬಹುಮಾನದಿಂದ, ಹುಟ್ಟಿದ ಮರಿಯನ್ನು ನೋಂದಾಯಿಸುವ ಶುಲ್ಕದಿಂದ ಕಡ್ಡಾಯವಾಗಿ ಒಂದು ಪಾಲು ತೆಗೆದಿಡಲಿ. ಮರಿ ಹುಟ್ಟಿಸುವವರೇ ಮೊದಲು ಕೊಡಲಿ, ಯಾಕೆಂದರೆ ಎಷ್ಟು ಕುದುರೆ ಹುಟ್ಟಬೇಕು ಅಂತ ತೀರ್ಮಾನಿಸುವವರು ಅವರು.

ಪುಸ್ತಕ ಮುಚ್ಚುವುದು ನಿಲ್ಲಲಿ. ಕುದುರೆ ಕೈ ಬದಲಾದಾಗಲೆಲ್ಲ ಆ ನಂಬರಿನ ಎದುರು ಹೊಸ ಹೆಸರು ಬೀಳಲಿ. ಕೊನೆಯ ಉಸಿರಿನವರೆಗೆ. ಯಂತ್ರ, ಚಿಪ್, ನಂಬರು ಎಲ್ಲ ಈಗಾಗಲೇ ಇವೆ. ಸುಮ್ನೆ ಬರೆಯಬೇಕಷ್ಟೇ.

ಊಟ ಆದ ಮೇಲೆ ಕೂತು ಅವಳ ಕೊನೆಯ ನೋಂದಾಯಿತ ಮಾಲೀಕರಿಗೂ, ರೇಸಿನ ಆಡಳಿತದವರಿಗೂ ಪತ್ರ ಬರೆದೆ. ಮೂರು ಸಲ ಹರಿದೆ, ಬೈಗುಳ ಜಾಸ್ತಿಯಾಗಿತ್ತು. ನಾಲ್ಕನೆಯದರಲ್ಲಿ ಹದಿನೈದು ಅಂಕಿಗಳನ್ನು ಬರೆದು, ಕೊನೆಯ ರೇಸಿನ ಮರುದಿನದಿಂದ ರಸ್ತೆ ಬದಿಯಲ್ಲಿ ಸಿಕ್ಕ ದಿನದವರೆಗೆ ಈ ಕುದುರೆ ಯಾರ ಬಳಿ ಇತ್ತು ಅಂತ ಮಾತ್ರ ಕೇಳಿದ್ದೇನೆ. ಜೊತೆಗೆ ಎರಡು ಫೋಟೋ. ಒಂದು ಗೊರಸಿನದು, ಇನ್ನೊಂದು ಅವಳ ಮುಖದ್ದು. ಉತ್ತರ ಬಂದರೂ ಇಲ್ಲಿ ಬರೆಯುತ್ತೇನೆ, ಬರದಿದ್ದರೂ ಬರೆಯುತ್ತೇನೆ.

ನಾಳೆ ಬೆಳಿಗ್ಗೆ ಲಾಳ ಕಟ್ಟುವವರು ಬರುತ್ತಾರೆ. ಒಂದೇ ಸಲಕ್ಕೆ ಗೊರಸು ಪೂರ್ತಿ ಕತ್ತರಿಸಬಾರದಂತೆ, ಆ ಕಾಲಿಗೆ ನೋವಾಗುತ್ತದೆ. ಸ್ವಲ್ಪ ಸ್ವಲ್ಪವೇ, ಕೆಲವು ತಿಂಗಳು ಹಿಡಿಯುತ್ತದೆ. ಅರ್ಧ ದಿನ ರಜೆ ಹಾಕಿದ್ದೇನೆ, ತಲೆ ಹಿಡಿದುಕೊಂಡು ನಿಲ್ಲಲು. ಕಾಲು ಮಾತ್ರ ಅವಳೇ ಎತ್ತಿ ಕೊಡುತ್ತಾಳೆ.